ಚಿನ್ನವು ಎಲ್ಲಿಯವರೆಗೆ ಚಿನ್ನ?

ವಿಜಯದಶಮಿಯ ದಿನ ಮೈಸೂರಿನ ಅರಮನೆಯ ಅಂಗಳದಲ್ಲಿ ನೆರೆದ ಜನರ ಕಣ್ಣುಗಳೆಲ್ಲ ಒಂದೇ ಕಡೆಗೆ ತಿರುಗುತ್ತವೆ. ಅಲಂಕೃತವಾದ ಗಜರಾಜನ ಬೆನ್ನಿನ ಮೇಲೆ ಚಿನ್ನದ ಅಂಬಾರಿಯು ಇಳಿಬಿಸಿಲಿನಲ್ಲಿ ಥಳಥಳಿಸುತ್ತ, ಸಯ್ಯಾಜಿರಾವ್ ರಸ್ತೆಯ ಮಾರ್ಗವಾಗಿ ಬನ್ನಿಮಂಟಪದತ್ತ ಸಾಗುತ್ತದೆ. ಸುಮಾರು ೭೫೦ ಕಿಲೋಗ್ರಾಂ ತೂಗುವುದೆಂದು ಹೇಳಲಾಗುವ ಈ ಅಂಬಾರಿಯು ಇಡಿಯಾಗಿ ಚಿನ್ನದಿಂದ ಮಾಡಿದ್ದಲ್ಲ. ಮರದ ಮಂಟಪಕ್ಕೆ ಚಿನ್ನದ ತಗಡನ್ನು ಹೊದಿಸಿ ರಚಿಸಿದುದು. ಆದರೂ ನೋಡುವವರಿಗೆ ಅದು ಅಪ್ಪಟ ಚಿನ್ನವೇ. ತಗಡು ತೆಳುವಾದ ಮಾತ್ರಕ್ಕೆ ಚಿನ್ನದ ಕಾಂತಿ ಕುಂದುವುದಿಲ್ಲ.

ಮೈಸೂರಿನ ಸಾಂಪ್ರದಾಯಿಕ ಚಿತ್ರಕಲೆಯನ್ನು ನೋಡಿದವರಿಗೆ ಈ ಮಾತು ಇನ್ನೂ ಚೆನ್ನಾಗಿ ಮನದಟ್ಟಾಗುತ್ತದೆ. ಚಿತ್ರಕಾರನು ಬಿಳಿಯ ಪುಡಿ ಮತ್ತು ಗೋಂದುಗಳ ಮಿಶ್ರಣದಿಂದ ದೇವತೆಗಳ ಒಡವೆ, ಕಿರೀಟ, ಮಂಟಪಗಳನ್ನು ನವಿರಾಗಿ ಉಬ್ಬಿಸಿ, ಅವುಗಳ ಮೇಲೆ ಚಿನ್ನದ ರೇಕನ್ನು ಅಂಟಿಸುತ್ತಾನೆ. ಬಡಿದು ಮಾಡಿದ ಅತಿ ತೆಳುವಾದ ರೇಕಿನ ದಪ್ಪವು ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು ಮಾತ್ರ ಇರಬಲ್ಲುದು. ಒಂದು ಗ್ರಾಂ ಚಿನ್ನವನ್ನು ಹೀಗೆ ಬಡಿದರೆ ಅದು ಸುಮಾರು ಅರ್ಧ ಚದರ ಮೀಟರು ಜಾಗವನ್ನು ಮುಚ್ಚುತ್ತದೆ. ಉಸಿರು ತಾಕಿದರೂ ಹಾರಿಹೋಗುವ ಆ ರೇಕು ಕೂಡ ಚಿನ್ನವೇ; ಅದೇ ಹಳದಿ, ಅದೇ ಹೊಳಪು, ತುಕ್ಕು ಹಿಡಿಯದ ಅದೇ ಗುಣ.

ಹಾಗಾದರೆ ಚಿನ್ನವನ್ನು ಇನ್ನೂ ಸಣ್ಣದಾಗಿ, ಮತ್ತೂ ಸಣ್ಣದಾಗಿ ಒಡೆಯುತ್ತ ಹೋದರೆ ಏನಾಗುತ್ತದೆ? ರಾಶಿಯಿಂದ ಒಂದು ಹಿಡಿ ರಾಗಿಯನ್ನು ತೆಗೆದರೂ ಅದು ರಾಗಿಯೇ. ಹಿಡಿಯಿಂದ ಒಂದು ಕಾಳನ್ನು ತೆಗೆದರೂ ಅದು ರಾಗಿಯೇ. ಚಿನ್ನದ ವಿಷಯದಲ್ಲಿಯೂ ಹೀಗೆಯೇ ಹೇಳಬಹುದೇ? ಹತ್ತು ಪರಮಾಣುಗಳಷ್ಟೇ ಇರುವ ಚಿನ್ನ ಚಿನ್ನದಂತೆ ನಡೆದುಕೊಳ್ಳುವುದೇ? ನೋಡಲು ಸರಳವಾದ ಈ ಪ್ರಶ್ನೆಗೆ ಉತ್ತರ ದೊರೆಯಲು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದವರೆಗೆ ಮನುಷ್ಯನು ಕಾಯಬೇಕಾಯಿತು.

ಪ್ರಶ್ನೆಯೇನೋ ಹಳೆಯದು. ನಮ್ಮ ದೇಶದ ವೈಶೇಷಿಕ ದರ್ಶನದ ಪ್ರವರ್ತಕನಾದ ಕಣಾದನ ಪರಂಪರೆಯವರು ಪದಾರ್ಥವು ಪರಮಾಣುಗಳಿಂದ ಆದುದೆಂದು ಊಹಿಸಿದ್ದರು. ಎರಡು ಪರಮಾಣುಗಳು ಕೂಡಿ ದ್ವ್ಯಣುಕವೂ, ಮೂರು ದ್ವ್ಯಣುಕಗಳು ಕೂಡಿ ತ್ರ್ಯಣುಕವೂ ಆಗುತ್ತವೆ. ಕಿಟಕಿಯಿಂದ ಬರುವ ಬಿಸಿಲಕೋಲಿನಲ್ಲಿ ತೇಲಾಡುವ ಧೂಳಿನ ಕಣವೇ ಆ ತ್ರ್ಯಣುಕ ಎಂದು ಅವರು ಭಾವಿಸಿದರು. ಅದು ಪ್ರಯೋಗದಿಂದ ಬಂದ ಜ್ಞಾನವಲ್ಲ, ಚಿಂತನೆಯಿಂದ ಬಂದದ್ದು. ಧೂಳಿನ ಕಣವೊಂದರಲ್ಲಿ ಕೋಟ್ಯನುಕೋಟಿ ಪರಮಾಣುಗಳಿವೆ ಎಂಬುದನ್ನು ಇಂದು ನಾವು ಬಲ್ಲೆವು. ಆದರೆ ಪರಮಾಣುಗಳನ್ನು ಒಂದು, ಎರಡು, ಮೂರು ಎಂದು ಎಣಿಸಿ, ಎಣಿಕೆ ಬೆಳೆದಂತೆ ಪದಾರ್ಥವು ಹೇಗೆ ರೂಪುಗೊಳ್ಳುತ್ತದೆ ಎಂದು ಕೇಳಿದ ಆ ಕುತೂಹಲ ಮೆಚ್ಚತಕ್ಕದ್ದೇ.

ಪ್ರಯೋಗದ ಮೊದಲ ಸುಳಿವು ಸಿಕ್ಕಿದ್ದು ೧೮೫೭ರಲ್ಲಿ. ಇಂಗ್ಲೆಂಡಿನ ಮೈಕೇಲ್ ಫ್ಯಾರಡೆಯು ಚಿನ್ನದ ಅತಿ ಸೂಕ್ಷ್ಮ ಕಣಗಳನ್ನು ನೀರಿನಲ್ಲಿ ತೇಲಿಸಿದಾಗ ಆ ನೀರು ಹಳದಿಯಾಗಲಿಲ್ಲ, ಮಾಣಿಕ್ಯದಂತೆ ಕೆಂಪಾಯಿತು! ಕಣದ ಗಾತ್ರ ಕುಗ್ಗಿದಾಗ ಚಿನ್ನದ ಬಣ್ಣವೇ ಬದಲಾಗುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಆದರೂ ಆ ಪ್ರತಿಯೊಂದು ಕಣದಲ್ಲಿ ಸಾವಿರಾರು, ಲಕ್ಷಾಂತರ ಪರಮಾಣುಗಳಿದ್ದವು. ಅದಕ್ಕಿಂತ ಕೆಳಗೆ ಇಳಿಯುವ ದಾರಿ ಯಾರಿಗೂ ತಿಳಿದಿರಲಿಲ್ಲ.

ದಾರಿ ಏಕೆ ಕಷ್ಟವಾಗಿತ್ತೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಗ್ರಾಂ ಚಿನ್ನದಲ್ಲಿರುವ ಪರಮಾಣುಗಳ ಸಂಖ್ಯೆಯನ್ನು ಬರೆಯಬೇಕಾದರೆ ೩ರ ಮುಂದೆ ೨೧ ಸೊನ್ನೆಗಳನ್ನು ಹಾಕಬೇಕು. ಇಂಥ ಸಾಗರದಿಂದ ಐದೋ ಹತ್ತೋ ಪರಮಾಣುಗಳನ್ನು ಮಾತ್ರ ಬಿಡಿಸಿ ತೆಗೆಯುವುದು ಹೇಗೆ? ತೆಗೆದರೂ ಅವು ಐದೋ ಹತ್ತೋ ಎಂದು ಎಣಿಸುವುದು ಹೇಗೆ? ಎಣಿಸುವಷ್ಟರಲ್ಲಿ ಅವು ಒಂದಕ್ಕೊಂದು ಅಂಟಿಕೊಂಡು ದೊಡ್ಡ ಕಣವಾಗದಂತೆ ತಡೆಯುವುದು ಹೇಗೆ? ಹೀಗೆ ಕೆಲವೇ ಪರಮಾಣುಗಳು ಒಟ್ಟುಗೂಡಿದ ಗುಂಪನ್ನು ‘ಪರಮಾಣು ಗುಚ್ಛ’ ಎನ್ನುತ್ತಾರೆ. ಗುಚ್ಛವು ವಿದ್ಯುದಾವೇಶವನ್ನು ಹೊಂದಿದ್ದರೆ ಅದು ‘ಗುಚ್ಛ ಅಯಾನು’. ಈ ಗುಚ್ಛಗಳನ್ನು ಮಾಡಲು ಒಂದು ಉಪಕರಣ, ಎಣಿಸಲು ಇನ್ನೊಂದು ಉಪಕರಣ ಬೇಕಾಯಿತು. ಮೊದಲನೆಯದು ಲೇಸರ್, ಎರಡನೆಯದು ದ್ರವ್ಯರಾಶಿ ರೋಹಿತಮಾಪಕ.

ಲೇಸರ್ ಕಿರಣವನ್ನು ಮೊದಲು ಹೊಮ್ಮಿಸಿದವನು ಅಮೆರಿಕದ ಥಿಯೊಡೋರ್ ಮೈಮನ್. ಅದು ೧೯೬೦ರಲ್ಲಿ, ಮಾಣಿಕ್ಯದ ಹರಳಿನಿಂದ. ಸಾಮಾನ್ಯ ದೀಪದ ಬೆಳಕು ಸುತ್ತಲೂ ಚದರುತ್ತದೆ; ಲೇಸರ್ ಬೆಳಕಾದರೋ ಒಂದೇ ಬಣ್ಣದ್ದಾಗಿ, ಒಂದೇ ದಿಕ್ಕಿನಲ್ಲಿ, ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುವ ಸೈನಿಕರ ಸಾಲಿನಂತೆ ಸಾಗುತ್ತದೆ. ಮಸೂರದಿಂದ ಅದನ್ನು ಸೂಜಿಯ ಮೊನೆಯಷ್ಟು ಜಾಗಕ್ಕೆ ಕೇಂದ್ರೀಕರಿಸಿದರೆ ಅಲ್ಲಿ ಎಂಥ ಲೋಹವಾದರೂ ಕ್ಷಣದಲ್ಲಿ ಆವಿಯಾಗುತ್ತದೆ.

೧೯೮೧ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾನಿಲಯದ ರಿಚರ್ಡ್ ಸ್ಮಾಲಿ ಮತ್ತು ಆತನ ಸಂಗಡಿಗರು ಈ ಶಕ್ತಿಯನ್ನು ಗುಚ್ಛಗಳ ತಯಾರಿಕೆಗೆ ಬಳಸಿದರು. ಅವರ ವಿಧಾನ ಹೀಗಿತ್ತು: ಗಾಳಿಯನ್ನು ಹೊರತೆಗೆದ ಉಕ್ಕಿನ ಕೋಣೆಯೊಳಗೆ ಲೋಹದ ಒಂದು ಸರಳು ನಿಧಾನವಾಗಿ ತಿರುಗುತ್ತಿರುತ್ತದೆ. ಲೇಸರಿನ ಒಂದೊಂದು ಮಿಡಿತವೂ ಸರಳಿನ ಹೊಸ ಜಾಗಕ್ಕೆ ತಗಲುತ್ತದೆ. ಮಿಡಿತದ ಅವಧಿ ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಭಾಗ. ಆ ಹೊಡೆತಕ್ಕೆ ಲೋಹದ ಪರಮಾಣುಗಳು ಕಾದ ಆವಿಯಾಗಿ ಮೇಲೇಳುತ್ತವೆ. ಸರಿಯಾಗಿ ಅದೇ ಗಳಿಗೆಗೆ ಹೀಲಿಯಂ ಅನಿಲದ ಒಂದು ಬೀಸು ಅವುಗಳ ಮೇಲೆ ಹಾಯುತ್ತದೆ. ಚಳಿಯ ಮುಂಜಾವಿನಲ್ಲಿ ಗಾಳಿಯ ನೀರಾವಿ ಇಬ್ಬನಿಯಾಗುವಂತೆ, ತಣ್ಣನೆಯ ಹೀಲಿಯಂ ತಾಕಿದೊಡನೆ ಲೋಹದ ಆವಿಯೂ ಕೂಡಿಕೊಳ್ಳತೊಡಗುತ್ತದೆ: ಎರಡು ಪರಮಾಣುಗಳು, ಮೂರು, ಐದು, ಹತ್ತು. ಅವು ಇನ್ನೂ ಬೆಳೆಯುವ ಮೊದಲೇ ಅನಿಲವು ಸಣ್ಣ ರಂಧ್ರದ ಮೂಲಕ ನಿರ್ವಾತಕ್ಕೆ ಚಿಮ್ಮಿ, ಹಿಗ್ಗಿ, ಮತ್ತಷ್ಟು ತಣ್ಣಗಾಗುತ್ತದೆ. ನಿರ್ವಾತದಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯುವ ಅವಕಾಶವಿಲ್ಲದ್ದರಿಂದ ಗುಚ್ಛಗಳು ಇದ್ದಂತೆಯೇ ಉಳಿದು ಮುಂದಕ್ಕೆ ಸಾಗುತ್ತವೆ. ಲೇಸರಿನ ಹೊಡೆತದಲ್ಲಿಯೇ ಕೆಲವು ಗುಚ್ಛಗಳು ಎಲೆಕ್ಟ್ರಾನನ್ನು ಕಳೆದುಕೊಂಡು ಧನ ಅಯಾನುಗಳಾಗುತ್ತವೆ. ಕೆಲವು ಒಂದು ಎಲೆಕ್ಟ್ರಾನನ್ನು ಪಡೆದು ಋಣ ಅಯಾನುಗಳಾಗುತ್ತವೆ. ಇದೇ ಉಪಕರಣದಲ್ಲಿ ಲೋಹದ ಬದಲು ಇಂಗಾಲವನ್ನಿಟ್ಟು ಪ್ರಯೋಗ ಮಾಡಿದಾಗ, ೧೯೮೫ರಲ್ಲಿ, ೬೦ ಇಂಗಾಲದ ಪರಮಾಣುಗಳು ಕಾಲ್ಚೆಂಡಿನ ಆಕಾರದಲ್ಲಿ ಕೂಡಿದ ಫುಲ್ಲರೀನ್ ಕಂಡುಬಂದಿತು. ಅದಕ್ಕಾಗಿ ಸ್ಮಾಲಿ, ಕರ್ಲ್ ಮತ್ತು ಕ್ರೋಟೊ ಇವರಿಗೆ ೧೯೯೬ರ ನೊಬೆಲ್ ಪಾರಿತೋಷಕ ದೊರೆಯಿತು.

ಗುಚ್ಛಗಳೇನೋ ಹುಟ್ಟಿದವು. ಆದರೆ ಬೇರೆ ಬೇರೆ ಎಣಿಕೆಯ ಗುಚ್ಛಗಳೆಲ್ಲ ಒಂದರೊಡನೊಂದು ಬೆರೆತಿವೆ. ಅವುಗಳನ್ನು ಬೇರ್ಪಡಿಸಬೇಕು. ಅಕ್ಕಸಾಲಿಗನು ಹಿಂದಿನ ಕಾಲದಲ್ಲಿ ಚಿನ್ನವನ್ನು ಗುಲಗಂಜಿಯಿಂದ ತೂಗುತ್ತಿದ್ದನು. ಪರಮಾಣುವನ್ನು ತೂಗಲು ಅಂಥ ಗುಲಗಂಜಿ ಎಲ್ಲಿಂದ ತರುವುದು? ವಿಜ್ಞಾನಿಗಳು ಇದಕ್ಕೆ ಸೊಗಸಾದ ಉಪಾಯವನ್ನು ಕಂಡುಕೊಂಡರು. ತಕ್ಕಡಿಯ ಬದಲು ಓಟದ ಪಂದ್ಯ!

ಅರಮನೆಯ ಮುಂದೆ ಒಂದು ಬರಿಯ ಕೈಗಾಡಿ, ಒಂದು ಹೊರೆ ತುಂಬಿದ ಕೈಗಾಡಿ ನಿಂತಿವೆ ಎಂದುಕೊಳ್ಳಿ. ಎರಡಕ್ಕೂ ಸಮನಾದ ಶಕ್ತಿಯನ್ನು ಕೊಟ್ಟು ನೂಕಿದರೆ ಬರಿಯ ಗಾಡಿ ಬೇಗನೆ ಓಡುತ್ತದೆ, ಹೊರೆಯ ಗಾಡಿ ಹಿಂದೆ ಬೀಳುತ್ತದೆ. ದ್ರವ್ಯರಾಶಿ ರೋಹಿತಮಾಪಕದ ಒಂದು ಬಗೆಯಲ್ಲಿ ನಡೆಯುವುದೂ ಇಷ್ಟೇ. ಅಯಾನುಗಳಿಗೆಲ್ಲ ಒಂದೇ ವಿಭವಾಂತರದಿಂದ ಒಂದೇ ಪ್ರಮಾಣದ ಚಲನಶಕ್ತಿಯನ್ನು ಕೊಟ್ಟು, ನಿರ್ವಾತವಾದ ಉದ್ದನೆಯ ಕೊಳವೆಯಲ್ಲಿ ಓಡಲು ಬಿಡುತ್ತಾರೆ. ಹಗುರವಾದ ಗುಚ್ಛ ಮೊದಲು ಗುರಿ ಮುಟ್ಟುತ್ತದೆ, ಭಾರವಾದದ್ದು ಆಮೇಲೆ. ಮುಟ್ಟಿದ ಕಾಲವನ್ನು ಅಳೆದರೆ ದ್ರವ್ಯರಾಶಿ ತಿಳಿಯುತ್ತದೆ.

ಇದರ ಗಣಿತವೂ ಸುಲಭವಾದುದೇ. ಚಲನಶಕ್ತಿಯು ದ್ರವ್ಯರಾಶಿ ಮತ್ತು ವೇಗದ ವರ್ಗ ಇವುಗಳ ಗುಣಲಬ್ಧದ ಅರ್ಧವೆಂದು ನೀವು ಕಲಿಯುತ್ತೀರಿ. ಶಕ್ತಿಯು ಸಮನಾಗಿದ್ದರೆ, ದ್ರವ್ಯರಾಶಿ ನಾಲ್ಕು ಪಟ್ಟಾದಾಗ ವೇಗ ಅರ್ಧಕ್ಕೆ ಇಳಿಯುತ್ತದೆ, ಓಟದ ಕಾಲ ಎರಡು ಪಟ್ಟಾಗುತ್ತದೆ. ಚಿನ್ನದ ಒಂಟಿ ಪರಮಾಣುವಿನ ಅಯಾನಿಗೆ ೨,೦೦೦ ವೋಲ್ಟುಗಳ ವಿಭವಾಂತರವನ್ನು ಕೊಟ್ಟರೆ ಅದು ಸೆಕೆಂಡಿಗೆ ಸುಮಾರು ೪೪ ಕಿಲೋಮೀಟರು ವೇಗದಲ್ಲಿ ಧಾವಿಸಿ, ಒಂದು ಮೀಟರು ಉದ್ದದ ಕೊಳವೆಯನ್ನು ಸೆಕೆಂಡಿನ ಹತ್ತು ಲಕ್ಷದಲ್ಲಿ ಸುಮಾರು ೨೩ ಭಾಗದಲ್ಲಿ ದಾಟುತ್ತದೆ. ನಾಲ್ಕು ಪರಮಾಣುಗಳ ಗುಚ್ಛಕ್ಕೆ ಅದರ ಎರಡರಷ್ಟು, ಒಂಬತ್ತು ಪರಮಾಣುಗಳ ಗುಚ್ಛಕ್ಕೆ ಮೂರರಷ್ಟು ಕಾಲ ಹಿಡಿಯುತ್ತದೆ. ಇನ್ನೊಂದು ಅನುಕೂಲವೂ ಇದೆ. ನಿಸರ್ಗದಲ್ಲಿ ದೊರೆಯುವ ಚಿನ್ನದ ಪರಮಾಣುಗಳೆಲ್ಲ ಒಂದೇ ದ್ರವ್ಯರಾಶಿಯವು; ಅದು ೧೯೭. ಆದುದರಿಂದ ರೋಹಿತದಲ್ಲಿ ೧೯೭, ೩೯೪, ೫೯೧ ಎಂದು ಮಗ್ಗಿಯಂತೆ ಏರುವ ಗೆರೆಗಳು ಕಾಣುತ್ತವೆ. ಮೂರನೆಯ ಗೆರೆ ಎಂದರೆ ಮೂರು ಪರಮಾಣು, ಎಂಟನೆಯ ಗೆರೆ ಎಂದರೆ ಎಂಟು ಪರಮಾಣು. ಸಂದೇಹಕ್ಕೆ ಎಡೆಯೇ ಇಲ್ಲ.

ದ್ರವ್ಯರಾಶಿ ರೋಹಿತಮಾಪಕವು ಎಲ್ಲಿಯೋ ದೂರದೇಶದಲ್ಲಿರುವ ಅಪರೂಪದ ವಸ್ತುವಲ್ಲ. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ೧೯೫೦ರಲ್ಲಿ ಪ್ರಾರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ, ಆಹಾರದಲ್ಲಿ ಉಳಿದಿರಬಹುದಾದ ಕೀಟನಾಶಕವನ್ನೂ ಸಂಬಾರ ಪದಾರ್ಥಗಳ ಪರಿಮಳಕ್ಕೆ ಕಾರಣವಾದ ದ್ರವ್ಯಗಳನ್ನೂ ಪತ್ತೆಮಾಡಲು ಈ ಜಾತಿಯ ಉಪಕರಣಗಳೇ ನೆರವಾಗುತ್ತವೆ. ಬೇಳೆಯಲ್ಲಿನ ವಿಷವನ್ನು ತೂಗುವ ತಕ್ಕಡಿಯೂ ಚಿನ್ನದ ಪರಮಾಣುಗಳನ್ನು ಎಣಿಸುವ ತಕ್ಕಡಿಯೂ ತತ್ತ್ವದಲ್ಲಿ ಒಂದೇ.

ಹೀಗೆ ಎಣಿಸತೊಡಗಿದಾಗ ವಿಜ್ಞಾನಿಗಳಿಗೆ ಒಂದು ವಿಚಿತ್ರ ಕಂಡಿತು. ೧೯೮೪ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ವಾಲ್ಟರ್ ನೈಟ್ ಮತ್ತು ಆತನ ಸಂಗಡಿಗರು ಕುಲುಮೆಯಲ್ಲಿ ಕಾಸಿದ ಸೋಡಿಯಂ ಆವಿಯಿಂದ ಗುಚ್ಛಗಳನ್ನು ಪಡೆದು ಎಣಿಸಿದರು. ಎಲ್ಲ ಎಣಿಕೆಯ ಗುಚ್ಛಗಳೂ ಸಮನಾಗಿ ಇರಲಿಲ್ಲ. ೮, ೨೦, ೪೦ ಪರಮಾಣುಗಳ ಗುಚ್ಛಗಳು ಮಾತ್ರ ಎದ್ದು ಕಾಣುವಷ್ಟು ಹೆಚ್ಚಾಗಿದ್ದವು. ಇವಕ್ಕೆ ‘ಮಾಂತ್ರಿಕ ಸಂಖ್ಯೆಗಳು’ ಎಂಬ ಹೆಸರು ಬಂದಿತು. ಆದರೆ ಇಲ್ಲಿ ಮಂತ್ರವೇನೂ ಇಲ್ಲ. ಹೀಲಿಯಂ, ನಿಯಾನ್ ಮುಂತಾದ ಜಡ ಅನಿಲಗಳು ತಮ್ಮ ಎಲೆಕ್ಟ್ರಾನು ಕವಚಗಳು ತುಂಬಿರುವುದರಿಂದ ಯಾವುದರೊಡನೆಯೂ ಸುಲಭವಾಗಿ ಸೇರುವುದಿಲ್ಲವಷ್ಟೆ. ಸೋಡಿಯಂ ಗುಚ್ಛದಲ್ಲಿಯೂ ಪ್ರತಿಯೊಂದು ಪರಮಾಣು ತನ್ನ ಹೊರಗಿನ ಒಂದು ಎಲೆಕ್ಟ್ರಾನನ್ನು ಇಡೀ ಗುಂಪಿಗೆ ಒಪ್ಪಿಸುತ್ತದೆ. ಹಾಗೆ ಕೂಡಿದ ಎಲೆಕ್ಟ್ರಾನುಗಳು ೮, ೨೦, ೪೦ ಆದಾಗ ಗುಚ್ಛಕ್ಕೆಲ್ಲ ಸೇರಿದ ಒಂದು ಕವಚ ತುಂಬುತ್ತದೆ. ಗುಂಪೇ ಒಂದು ದೊಡ್ಡ ಪರಮಾಣುವಿನಂತೆ ವರ್ತಿಸುತ್ತದೆ.

ಇದು ನಿಜವೆಂಬುದಕ್ಕೆ ಅಲ್ಯೂಮಿನಿಯಂ ಸಾಕ್ಷಿ ನುಡಿಯಿತು. ೧೯೮೯ರಲ್ಲಿ ಪೆನ್ಸಿಲ್ವೇನಿಯಾದ ಕ್ಯಾಸಲ್‌ಮನ್ ಮತ್ತು ಸಂಗಡಿಗರು ಅಲ್ಯೂಮಿನಿಯಂ ಗುಚ್ಛಗಳ ಋಣ ಅಯಾನುಗಳ ಮೇಲೆ ಆಮ್ಲಜನಕವನ್ನು ಹಾಯಿಸಿದರು. ಅನೇಕ ಗುಚ್ಛಗಳನ್ನು ಆಮ್ಲಜನಕವು ಕೊರೆದುಹಾಕಿತು. ಆದರೆ ೧೩ ಪರಮಾಣುಗಳ ಗುಚ್ಛವು ಅಲುಗಾಡದೆ ಉಳಿಯಿತು. ಲೆಕ್ಕ ಹಾಕಿ ನೋಡಿ: ಅಲ್ಯೂಮಿನಿಯಂ ಪರಮಾಣುವಿನ ಹೊರಕವಚದಲ್ಲಿ ಮೂರು ಎಲೆಕ್ಟ್ರಾನುಗಳು, ಹದಿಮೂರು ಮೂರಲ ಮೂವತ್ತೊಂಬತ್ತು, ಋಣ ಅಯಾನು ಆದುದರಿಂದ ಇನ್ನೊಂದು, ಒಟ್ಟು ೪೦. ಮಾಂತ್ರಿಕ ಸಂಖ್ಯೆ! ಇಂಥ ಗುಚ್ಛಗಳು ಒಂದು ಧಾತುವಿನ ಪರಮಾಣುವಿನ ಪಾತ್ರವನ್ನೇ ವಹಿಸಬಲ್ಲವು ಎಂಬ ‘ಮಹಾಪರಮಾಣು’ವಿನ ಕಲ್ಪನೆಯನ್ನು ಬೆಳೆಸಿದವರಲ್ಲಿ ಭಾರತೀಯ ಮೂಲದ ವಿಜ್ಞಾನಿಗಳಾದ ಶಿವ ಖನ್ನಾ ಮತ್ತು ಪುರು ಜೇನಾ ಪ್ರಮುಖರು.

ಇನ್ನು ನಮ್ಮ ಚಿನ್ನಕ್ಕೆ ಹಿಂದಿರುಗೋಣ. ಎಣಿಸಿ ಬೇರ್ಪಡಿಸಿದ ಋಣ ಅಯಾನಿನ ಮೇಲೆ ಎರಡನೆಯ ಲೇಸರ್ ಕಿರಣವನ್ನು ಬಿಟ್ಟರೆ, ಅದು ಹೆಚ್ಚಿನ ಎಲೆಕ್ಟ್ರಾನನ್ನು ಕಿತ್ತು ಹೊರಹಾಕುತ್ತದೆ. ಆ ಎಲೆಕ್ಟ್ರಾನಿನ ಶಕ್ತಿಯನ್ನು ಅಳೆದು ಗುಚ್ಛದ ಒಳಗಿನ ರಚನೆಯನ್ನು ಊಹಿಸಬಹುದು. ಗೋಡೆಯನ್ನು ತಟ್ಟಿ, ಹೊರಟ ಸದ್ದಿನಿಂದ ಒಳಗೆ ಪೊಳ್ಳೋ ಗಟ್ಟಿಯೋ ಎಂದು ಅರಿಯುವ ಗಾರೆಯವನ ಜಾಣ್ಮೆ ಇದು. ಈ ಬಗೆಯ ಪ್ರಯೋಗಗಳಿಂದ ೨೦೦೩ರಲ್ಲಿ, ೨೦ ಪರಮಾಣುಗಳ ಚಿನ್ನದ ಗುಚ್ಛವು ನಾಲ್ಕು ಮುಖಗಳ ಗೋಪುರದಂತಿದೆ ಎಂದು ಲೈ-ಶೆಂಗ್ ವಾಂಗ್ ಮತ್ತು ಸಂಗಡಿಗರು ತೋರಿಸಿದರು. ೧೬ ಪರಮಾಣುಗಳ ಗುಚ್ಛದ ಋಣ ಅಯಾನು ಒಳಗೆ ಪೊಳ್ಳಾದ ಪಂಜರವೆಂಬುದು ೨೦೦೬ರಲ್ಲಿ ತಿಳಿದುಬಂದಿತು. ನಾಲ್ಕು ಪರಮಾಣುಗಳ ಅಂತರ. ಆದರೆ ಒಂದು ಗೋಪುರ, ಒಂದು ಪಂಜರ!

ರೂಪ ಬದಲಾದರೆ ಗುಣವೂ ಬದಲಾಗಬೇಡವೇ? ಚಿನ್ನವು ಯಾವುದರೊಡನೆಯೂ ಸುಲಭವಾಗಿ ಬೆರೆಯದ ಲೋಹವೆಂದೇ ಪ್ರಸಿದ್ಧಿ. ಅದು ಅಂಬಾರಿಯ ಮೇಲೆ ಇಂದಿಗೂ ಹೊಳೆಯುತ್ತಿರುವುದು ಆ ಗುಣದಿಂದಲೇ. ಆದರೆ ೧೯೮೭ರಲ್ಲಿ ಜಪಾನಿನ ಮಸಾತಾಕೆ ಹರೂಟ ಮತ್ತು ಸಂಗಡಿಗರು, ಚಿನ್ನದ ಅತಿ ಸೂಕ್ಷ್ಮ ಕಣಗಳು ಇಂಗಾಲದ ಮಾನಾಕ್ಸೈಡನ್ನು ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿಯೂ ಆಮ್ಲಜನಕದೊಡನೆ ಸೇರಿಸಬಲ್ಲವು ಎಂದು ತೋರಿಸಿದರು. ಮುಚ್ಚಿದ ಕೋಣೆಯಲ್ಲಿ ಇದ್ದಿಲನ್ನು ಉರಿಸಿದಾಗ ಹುಟ್ಟುವ ಅನಿಲ ಇದು. ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರನ್ನು ಮಲಗಿದ್ದಂತೆಯೇ ಕೊಲ್ಲುತ್ತದೆ. ಅದನ್ನು ಇಂಗಾಲದ ಡೈಆಕ್ಸೈಡಾಗಿ ಮಾರ್ಪಡಿಸುವ ಕ್ರಿಯಾವರ್ಧಕವು ಪ್ರಾಣರಕ್ಷಕವಲ್ಲದೆ ಮತ್ತೇನು?

ಈ ಕೆಲಸಕ್ಕೆ ಚಿನ್ನದ ಎಷ್ಟು ಪರಮಾಣುಗಳು ಬೇಕು? ೧೯೯೯ರಲ್ಲಿ ಉಲ್ರಿಚ್ ಹೈಟ್ಸ್, ಉಜಿ ಲ್ಯಾಂಡ್‌ಮನ್ ಮೊದಲಾದವರು ಇದಕ್ಕೆ ಉತ್ತರವನ್ನು ಹುಡುಕಿದರು. ಅವರು ಲೇಸರಿನಿಂದ ಚಿನ್ನದ ಗುಚ್ಛಗಳನ್ನು ಮಾಡಿ, ದ್ರವ್ಯರಾಶಿಯಿಂದ ಆರಿಸಿ, ಒಂದೇ ಎಣಿಕೆಯವನ್ನು ಮಾತ್ರ ಮೆಗ್ನೀಸಿಯಂ ಆಕ್ಸೈಡಿನ ಪದರದ ಮೇಲೆ ಮೆಲ್ಲಗೆ ಇಳಿಸಿದರು. ಏಳು ಪರಮಾಣುಗಳವರೆಗಿನ ಗುಚ್ಛಗಳು ಸುಮ್ಮನಿದ್ದವು. ಎಂಟನೆಯ ಪರಮಾಣು ಸೇರಿದಾಗ ಗುಚ್ಛಕ್ಕೆ ಜೀವ ಬಂದಂತಾಗಿ ಕ್ರಿಯೆ ಮೊದಲಾಯಿತು! ಆಧಾರದ ಪದರದಲ್ಲಿ ಅಲ್ಲಲ್ಲಿ ಆಮ್ಲಜನಕದ ಪರಮಾಣುಗಳು ಇಲ್ಲದ ಎಡೆಗಳಿದ್ದು, ಅಲ್ಲಿಂದ ಚಿನ್ನಕ್ಕೆ ಎಲೆಕ್ಟ್ರಾನು ದೊರೆಯುವುದೂ ಇದಕ್ಕೆ ಅಗತ್ಯವೆಂದು ಅವರು ಕಂಡುಕೊಂಡರು. ಒಂದು ಗ್ರಾಂ ಚಿನ್ನದಲ್ಲಿ ಲೆಕ್ಕಕ್ಕೇ ಬಾರದ ಒಂದು ಪರಮಾಣು ಇಲ್ಲಿ ಎಲ್ಲವನ್ನೂ ನಿರ್ಧರಿಸಿತು.

ಈ ಅನ್ವೇಷಣೆಯಲ್ಲಿ ಕನ್ನಡನಾಡಿನ ಪಾಲೂ ಇದೆ. ಬೆಂಗಳೂರಿನಲ್ಲಿ ೧೯೩೪ರಲ್ಲಿ ಹುಟ್ಟಿದ ಸಿ. ಎನ್. ಆರ್. ರಾವ್ ಅವರು ೧೯೫೧ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪದವಿಯನ್ನು ಪಡೆದರು, ಹತ್ತು ವರ್ಷಗಳ ಅನಂತರ ಅದೇ ವಿಶ್ವವಿದ್ಯಾನಿಲಯ ಅವರಿಗೆ ಡಿ.ಎಸ್‌ಸಿ. ಪದವಿಯನ್ನು ನೀಡಿತು. ಲೋಹದ ಕಣವು ಎಷ್ಟು ಸಣ್ಣದಾದಾಗ ತನ್ನ ಲೋಹತ್ವವನ್ನೇ ಕಳೆದುಕೊಳ್ಳುತ್ತದೆ ಎಂಬ ಪ್ರಶ್ನೆಯನ್ನು ಅವರೂ ಅವರ ಸಹೋದ್ಯೋಗಿಗಳೂ ಬೆಂಗಳೂರಿನಲ್ಲಿ ಬೇರೆ ಉಪಕರಣಗಳಿಂದ ಪರೀಕ್ಷಿಸಿದರು. ಕಣದ ಅಡ್ಡಳತೆ ಸುಮಾರು ಒಂದು ನ್ಯಾನೋಮೀಟರಿಗೆ, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕೆ ಇಳಿದಾಗ, ವಿದ್ಯುತ್ತನ್ನು ಸರಾಗವಾಗಿ ಹರಿಯಗೊಡುವ ಲೋಹದ ಸ್ವಭಾವ ಮಾಯವಾಗತೊಡಗುತ್ತದೆ ಎಂದು ೧೯೯೦ರ ದಶಕದಲ್ಲಿ ಅವರು ತೋರಿಸಿದರು. ೨೦೧೪ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿ ಸಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಅವರ ಬಳಿ ಸಂಶೋಧನೆ ನಡೆಸಿದ ಟಿ. ಪ್ರದೀಪ್ ಅವರು ಮದರಾಸಿನ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಚಿನ್ನ ಬೆಳ್ಳಿಗಳ ಗುಚ್ಛಗಳನ್ನು ದ್ರವ್ಯರಾಶಿ ರೋಹಿತಮಾಪಕದಿಂದ ಎಣಿಸಿ ಅಭ್ಯಸಿಸಿದ್ದಾರೆ. ಲೋಹದ ಸೂಕ್ಷ್ಮಕಣಗಳ ಕುರಿತ ಅವರ ಅರಿವು ಕುಡಿಯುವ ನೀರನ್ನು ಶುದ್ಧಿಗೊಳಿಸುವ ಸಾಧನಗಳಿಗೂ ದಾರಿಮಾಡಿದೆ.

ಮೊದಲು ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ರಾಗಿಯ ಕಾಳು ಒಂದಾದರೂ ರಾಗಿಯೇ. ಆದರೆ ಚಿನ್ನವು ಒಂದು ಮಿತಿಯವರೆಗೆ ಮಾತ್ರ ನಾವು ಬಲ್ಲ ಚಿನ್ನ. ಅದರ ಹಳದಿ ಬಣ್ಣ, ಹೊಳಪು, ಜಡತ್ವ ಇವು ಒಂಟಿ ಪರಮಾಣುವಿನ ಆಸ್ತಿಯಲ್ಲ. ಅಸಂಖ್ಯ ಪರಮಾಣುಗಳು ಕೂಡಿ ಬಾಳುವುದರಿಂದ ಬಂದ ಸಂಪತ್ತು. ಗುಂಪು ಚಿಕ್ಕದಾದಂತೆ ಒಬ್ಬೊಬ್ಬರ ಇರವೂ ಮುಖ್ಯವಾಗುತ್ತದೆ. ಕೋಲಾರದ ಗಣಿಯಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ಕಾಲ, ೨೦೦೧ರಲ್ಲಿ ಅದು ಮುಚ್ಚುವವರೆಗೆ, ಭೂಮಿಯ ಮೂರು ಕಿಲೋಮೀಟರಿಗೂ ಹೆಚ್ಚಿನ ಆಳಕ್ಕೆ ಇಳಿದು ಮನುಷ್ಯನು ಚಿನ್ನವನ್ನು ಅಗೆದು ತಂದನು. ಹೆಚ್ಚು ದೊರೆತಷ್ಟೂ ಹೆಚ್ಚು ಬೆಲೆಯೆಂದು ಎಣಿಸಿದನು. ಲೇಸರ್ ಮತ್ತು ದ್ರವ್ಯರಾಶಿ ರೋಹಿತಮಾಪಕಗಳು ತೋರಿಸಿದ ಚಿನ್ನದ ಬೆಲೆ ಬೇರೆ. ಅದನ್ನು ಅಳೆಯುವುದು ತೂಕದಿಂದಲ್ಲ, ಎಣಿಕೆಯಿಂದ. ಎಂಟೇ ಪರಮಾಣುಗಳ ಚಿನ್ನವು ಕಣ್ಣಿಗೆ ಕಾಣದು, ಕೊರಳಿಗೆ ಒದಗದು. ಆದರೆ ಪ್ರಾಣ ತೆಗೆಯುವ ಅನಿಲವನ್ನು ಪಳಗಿಸಬಲ್ಲುದು.

ಶಬ್ದಾರ್ಥ

ರೇಕು - ಬಡಿದು ತೆಳುವಾಗಿಸಿದ ಲೋಹದ ಹಾಳೆ
ಗುಲಗಂಜಿ - ಹಿಂದೆ ಚಿನ್ನ ತೂಗಲು ಬಳಸುತ್ತಿದ್ದ ಕೆಂಪು ಬೀಜ
ಗುಚ್ಛ - ಗೊಂಚಲು, ಗುಂಪು
ಅಯಾನು - ವಿದ್ಯುದಾವೇಶ ಪಡೆದ ಪರಮಾಣು ಅಥವಾ ಪರಮಾಣುಗಳ ಗುಂಪು
ನಿರ್ವಾತ - ಗಾಳಿಯಿಲ್ಲದ ಎಡೆ
ಕ್ರಿಯಾವರ್ಧಕ - ತಾನು ವ್ಯಯವಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು

ಅಭ್ಯಾಸ

೧. ಒಂದು ವಾಕ್ಯದಲ್ಲಿ ಉತ್ತರಿಸಿ.
(ಅ) ಫ್ಯಾರಡೆಯ ಪ್ರಯೋಗದಲ್ಲಿ ಚಿನ್ನದ ಕಣಗಳಿಂದ ನೀರಿಗೆ ಯಾವ ಬಣ್ಣ ಬಂದಿತು?
(ಆ) ಚಿನ್ನದ ರೋಹಿತದಲ್ಲಿ ಗೆರೆಗಳು ಮಗ್ಗಿಯಂತೆ ಏರುವುದೇಕೆ?

೨. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ.
(ಅ) ಲೇಸರಿನಿಂದ ಲೋಹದ ಗುಚ್ಛಗಳನ್ನು ಪಡೆಯುವ ವಿಧಾನವನ್ನು ವಿವರಿಸಿ.
(ಆ) ೧೩ ಪರಮಾಣುಗಳ ಅಲ್ಯೂಮಿನಿಯಂ ಗುಚ್ಛವು ಆಮ್ಲಜನಕಕ್ಕೆ ಮಣಿಯದಿರಲು ಕಾರಣವೇನು?

೩. ಚಿನ್ನದ ಒಂಟಿ ಪರಮಾಣುವಿನ ಅಯಾನು ಕೊಳವೆಯನ್ನು ದಾಟಲು ಸೆಕೆಂಡಿನ ಹತ್ತು ಲಕ್ಷದಲ್ಲಿ ೨೩ ಭಾಗ ಹಿಡಿಯುವುದಾದರೆ, ೧೬ ಪರಮಾಣುಗಳ ಗುಚ್ಛಕ್ಕೆ ಎಷ್ಟು ಕಾಲ ಹಿಡಿಯುತ್ತದೆ? ಲೆಕ್ಕ ಮಾಡಿ.

೪. ‘ಗುಂಪು ಚಿಕ್ಕದಾದಂತೆ ಒಬ್ಬೊಬ್ಬರ ಇರವೂ ಮುಖ್ಯವಾಗುತ್ತದೆ.’ ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿ.